ಸೋಬಾನೆಯೂ ಒಂದು ಜರ್ಮನ್ ಬಸ್ಸೂ

ನಮ್ಮ ಶಿರಂಗಾಲದಲ್ಲಿ ಮದುವೆಯೆಂದರೆ ಎರಡು ದನಿ. ಚಪ್ಪರದ ಮೂಲೆಯಲ್ಲಿ ವಾಲಗದವರದು, ಹಸೆಮಣೆಯ ಬಳಿ ಸೋಬಾನೆ ಹೇಳುವ ಹೆಂಗಸರದು. ಅಮ್ಮ ಸೋಬಾನೆಗೆ ಯಾವಾಗಲೂ ಮುಂದು. ಕಾವೇರಿ ಹೊಳೆಯಲ್ಲಿ ಬಟ್ಟೆ ಒಗೆಯುವಾಗಲೂ ಅವಳ ಬಾಯಲ್ಲಿ ಹಾಡು ಇರುತ್ತಿತ್ತು. ಆದರೆ ಈ ಎರಡನ್ನೂ ಯಾರೂ ಸಂಗೀತವೆಂದು ಕರೆದ ನೆನಪು ನನಗಿಲ್ಲ. ಸಂಗೀತವೆಂದರೆ ರೇಡಿಯೋದಲ್ಲಿ ಬರುವಂಥದ್ದು. ವಾಲಗದವರಿಗೆ ಕೊನೆಯ ಪಂಕ್ತಿಯಲ್ಲಿ ಊಟ, ಹಾಡಿದವರಿಗೆ ಎಲೆ ಅಡಿಕೆ, ಅಲ್ಲಿಗೆ ಮುಗಿಯಿತು.

ಇದೆಲ್ಲ ಮತ್ತೆ ನೆನಪಾದದ್ದು, ಮಗ ರಜೆಗೆ ಬಂದಾಗ ಕೇಳಿಸಿದ ಒಂದು ಹಳೆಯ ಧ್ವನಿಮುದ್ರಿಕೆಯಿಂದ. ಅದರ ಹಿಂದಿನ ಕಥೆ ದೊಡ್ಡದು.

ಜರ್ಮನಿಯ ಮ್ಯೂನಿಕ್ ನಗರದಲ್ಲಿ 1969ರಲ್ಲಿ ಕ್ರಿಸ್ಟಿಯಾನ್ ಬುರ್ಖಾರ್ಡ್ ಮತ್ತು ಗೆಳೆಯರು ‘ಎಂಬ್ರಿಯೋ’ ಎಂಬ ರಾಕ್ ತಂಡ ಕಟ್ಟಿದರು. ಒಂದೇ ದಾರಿಯಲ್ಲಿ ನಡೆಯುವ ಜನ ಅವರಲ್ಲ. ದೇಶದೇಶದ ಜನಪದ ಸಂಗೀತವನ್ನು ಹುಡುಕಿಕೊಂಡು 1978ರಲ್ಲಿ ಬಸ್ಸು ಹತ್ತಿದರು. ಅಫ್ಘಾನಿಸ್ತಾನದ ಮೂಲಕ ಭಾರತ ತಲುಪಿದರು. ದಾರಿಯಲ್ಲಿ ಸಿಕ್ಕ ವಾದ್ಯಗಾರರ ಜೊತೆ ಕೂತು ನುಡಿಸಿದರು. ಆ ಪಯಣದ ಧ್ವನಿಮುದ್ರಿಕೆ 1979ರಲ್ಲಿ ಹೊರಬಂತು.

ಇತ್ತ ಬೆಂಗಳೂರಿನಲ್ಲಿ ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿಯವರು 1964ರಲ್ಲೇ ‘ಕರ್ನಾಟಕ ಕಾಲೇಜ್ ಆಫ್ ಪರ್ಕಷನ್’ ಆರಂಭಿಸಿದ್ದರು. ಅವರ ಪತ್ನಿ ಆರ್.ಎ. ರಮಾಮಣಿ ಹಾಡುಗಾರ್ತಿ. ಜರ್ಮನರ ತಂಡಕ್ಕೂ ಇವರಿಗೂ ನಂಟು ಬೆಳೆದು, ಇಬ್ಬರೂ ಕೂಡಿ ‘ಲೈಫ್’ ಎಂಬ ಧ್ವನಿಮುದ್ರಿಕೆ ತಂದರು.

ಎಂಬ್ರಿಯೋ ಜೊತೆ ನುಡಿಸುತ್ತಿದ್ದ ಚಾರ್ಲಿ ಮರಿಯಾನೋ ಅಮೆರಿಕದ ಬಾಸ್ಟನ್ನಿನವರು, ಹೆಸರಾಂತ ಸ್ಯಾಕ್ಸೋಫೋನ್ ವಾದಕರು. 1960ರ ದಶಕದಲ್ಲಿ ಮಲೇಷ್ಯಾಕ್ಕೆ ಹೋಗಿದ್ದಾಗ ನಾಗಸ್ವರ ಕೇಳಿ ಮನಸೋತು, ನಲವತ್ತು ದಾಟಿದ ಮೇಲೆ ಶಿಷ್ಯನಂತೆ ಕೂತು ಅದನ್ನು ಕಲಿತರು. ನಾಗಸ್ವರ! ನಮ್ಮ ಚಪ್ಪರದ ಮೂಲೆಯ ವಾಲಗದ ಬಳಗದ್ದೇ ವಾದ್ಯ. ಎಲ್ಲರೂ ಉಂಡೆದ್ದ ಮೇಲೆ ನಾವು ಎಲೆ ಹಾಕುತ್ತಿದ್ದವರ ವಿದ್ಯೆಯನ್ನು ಅವರು ಅಷ್ಟು ದೂರ ಬಂದು ಬೇಡಿ ಪಡೆದರಲ್ಲ ಎಂದು ನನಗೆ ನಾಚಿಕೆಯಾಯಿತು.

ಮಗ ಕೇಳಿಸಿದ್ದು 1983ರ ‘ಜ್ಯೋತಿ’. ಮರಿಯಾನೋ ಮತ್ತು ಮಣಿಯವರ ತಂಡ ಕೂಡಿ ಮಾಡಿದ್ದು. ಅದು ಸ್ಯಾಕ್ಸೋಫೋನಿನಿಂದ ಶುರುವಾಗುತ್ತದೆ ಎಂದುಕೊಂಡಿದ್ದೆ. ಇಲ್ಲ, ಮೊದಲಿಗೆ ರಮಾಮಣಿಯವರ ಕಂಠವೊಂದೇ. ಅಂಥ ದೊಡ್ಡ ವಾದಕ ಸುಮ್ಮನಿದ್ದು ಒಬ್ಬ ಹೆಂಗಸಿನ ದನಿಗೆ ಜಾಗ ಬಿಟ್ಟಿದ್ದಾರೆ.

ನಾನು ಒಲೆ ಆರಿಸಿ ಕೂತೆ. ರಮಾಮಣಿಯವರದು ಶಾಸ್ತ್ರೀಯ ಸಂಗೀತ, ಅಮ್ಮನದು ಹಸೆಯ ಹಾಡು. ಹೋಲಿಸಬಾರದು, ನನಗೂ ಗೊತ್ತು. ಆದರೂ ಕೇಳಿಸಿದ್ದು ಅಮ್ಮನೇ. ಮನೆಯಲ್ಲಿ ಟೇಪ್ ರೆಕಾರ್ಡರ್ ಇತ್ತು, ಖಾಲಿ ಕ್ಯಾಸೆಟ್ಟೂ ಇತ್ತು. ಸಿನಿಮಾ ಹಾಡು ತುಂಬಿಸಿದೆವೇ ಹೊರತು, “ಅಮ್ಮ, ಒಂದು ಹಾಡು ಹೇಳು” ಎಂದು ಯಾರೂ ಕೇಳಲಿಲ್ಲ. ಈಗ ಅವಳಿಲ್ಲ.

ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ಚಿಕ್ಕಮ್ಮನ ಮುಂದೆ ಫೋನು ಇಟ್ಟೆ. “ಇದನ್ನೆಲ್ಲ ಈಗ ಯಾರು ಕೇಳ್ತಾರೆ, ಬಿಡೇ” ಎಂದರು. ಆಮೇಲೆ ಸೆರಗು ಸರಿಮಾಡಿಕೊಂಡು ನಾಲ್ಕು ಹಾಡು ಹೇಳಿದರು. ಐದನೆಯದು ಅರ್ಧಕ್ಕೆ ನಿಂತಿತು. “ಮುಂದಿನದು ನಿಮ್ಮಮ್ಮನಿಗೇ ಬರ್ತಿತ್ತು ಕಣೇ” ಎಂದರು.

ಆ ಅರ್ಧ ಹಾಡನ್ನೂ ಅಳಿಸದೆ ಇಟ್ಟುಕೊಂಡಿದ್ದೇನೆ.