ಅನಂತ್ ನಾಗ್: ಪಕ್ಕದ ಮನೆಯವನಂತೆ ಕಂಡ ನಾಯಕನಟನ ಐದು ದಶಕ

ಕನ್ನಡದ ಹಿರಿಯ ನಟ ಅನಂತ್ ನಾಗ್ ಅವರಿಗೆ ಪದ್ಮಭೂಷಣ ಗೌರವ ಸಂದದ್ದು 2025ರಲ್ಲಿ. ಆಗ ಅವರಿಗೆ 76 ವರ್ಷ. ಮೊದಲ ಚಿತ್ರ ತೆರೆಕಂಡು ಅರ್ಧ ಶತಮಾನ ಕಳೆದಿತ್ತು. ಇದಕ್ಕೂ ಮೊದಲು, 2021ರಲ್ಲಿ, ಪದ್ಮ ಪ್ರಶಸ್ತಿಗೆ ಜನರೇ ಹೆಸರು ಸೂಚಿಸಿ ಎಂದು ಕೇಂದ್ರ ಸರ್ಕಾರ ಕರೆ ಕೊಟ್ಟಾಗ ಸಾಮಾಜಿಕ ಜಾಲತಾಣಗಳಲ್ಲಿ ಕನ್ನಡಿಗರು ದೊಡ್ಡ ದನಿಯಲ್ಲಿ ಹೇಳಿದ್ದು ಇವರ ಹೆಸರನ್ನೇ. ಚಿತ್ರರಂಗದ ಯುವ ನಟ-ನಿರ್ದೇಶಕರೂ ಅದಕ್ಕೆ ದನಿಗೂಡಿಸಿದ್ದರು.

ಒಬ್ಬನೇ ಇಪ್ಪತ್ತು ಜನರನ್ನು ಹೊಡೆದುರುಳಿಸುವ ಪಾತ್ರಗಳಿಂದ ಬಂದ ಅಭಿಮಾನ ಇದಲ್ಲ. ಹೆದರುವ, ತಪ್ಪು ಮಾಡುವ, ಸುಳ್ಳು ಹೇಳಿ ಸಿಕ್ಕಿಬೀಳುವ, ವಯಸ್ಸಾಗಿ ಮರೆವಿಗೆ ಬೀಳುವ ಮನುಷ್ಯರನ್ನು ಅವರು ತೆರೆಯ ಮೇಲೆ ತಂದರು. ಆ ಮನುಷ್ಯರಲ್ಲಿ ಪ್ರೇಕ್ಷಕರು ತಮ್ಮ ಮನೆಯವರನ್ನು ಕಂಡರು.

ಶಿರಾಲಿಯಿಂದ ಮುಂಬೈಗೆ

ಅನಂತ್ ನಾಗ್ ಜನಿಸಿದ್ದು 1948ರ ಸೆಪ್ಟೆಂಬರ್ 4ರಂದು. ಕೊಂಕಣಿ ಮನೆಮಾತಿನ ಚಿತ್ರಾಪುರ ಸಾರಸ್ವತ ಕುಟುಂಬ. ಮನೆತನದ ಹೆಸರು ನಾಗರಕಟ್ಟೆ. ಉತ್ತರ ಕನ್ನಡದ ಶಿರಾಲಿಯ ಚಿತ್ರಾಪುರ ಮಠದ ಪರಿಸರದಲ್ಲಿ ಬಾಲ್ಯದ ಕೆಲವು ವರ್ಷ ಕಳೆದ ಅವರು ಮುಂದಿನ ಓದಿಗೆಂದು ಮುಂಬೈ ಸೇರಿದರು.

ನಟನೆಯ ಪಾಠ ಆದದ್ದು ಅಲ್ಲಿನ ರಂಗಭೂಮಿಯಲ್ಲಿ. ಕೊಂಕಣಿ, ಕನ್ನಡ, ಮರಾಠಿ ನಾಟಕಗಳಲ್ಲಿ ಅವರು ಪಾತ್ರ ಮಾಡಿದರು. ಸತ್ಯದೇವ್ ದುಬೆ, ಗಿರೀಶ್ ಕಾರ್ನಾಡ್, ಅಮೋಲ್ ಪಾಲೇಕರ್ ಅವರಂಥವರ ಒಡನಾಟ ಸಿಕ್ಕಿತು. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ವೇದಿಕೆಯಲ್ಲಿ ಮತ್ತೊಂದು ಎಂಬ ಮುಂಬೈ ಕನ್ನಡಿಗರ ದಿನಚರಿ ಅವರದೂ ಆಗಿತ್ತು. ಮುಂದೆ ಹಿಂದಿ, ಮರಾಠಿ, ತೆಲುಗು, ಮಲಯಾಳಂ ಮತ್ತು ಇಂಗ್ಲಿಷ್ ಚಿತ್ರಗಳಲ್ಲೂ ಅವರು ನಟಿಸಿದರು.

'ಅಂಕುರ್' ತಂದ ಗುರುತು

1973ರಲ್ಲಿ ಪಿ.ವಿ. ನಂಜರಾಜ ಅರಸ್ ನಿರ್ದೇಶನದ 'ಸಂಕಲ್ಪ' ಅವರ ಮೊದಲ ಚಿತ್ರ. ಮರುವರ್ಷವೇ ಶ್ಯಾಮ್ ಬೆನಗಲ್ ಅವರ 'ಅಂಕುರ್' ಬಂತು. ತೆಲಂಗಾಣದ ಹಳ್ಳಿಯೊಂದಕ್ಕೆ ಜಮೀನು ನೋಡಿಕೊಳ್ಳಲು ಬರುವ ಜಮೀನ್ದಾರನ ಮಗ ಸೂರ್ಯನ ಪಾತ್ರ ಅವರದು. ಮನೆಗೆಲಸದ ಲಕ್ಷ್ಮಿಯ ಜೊತೆ ಸಂಬಂಧ ಬೆಳೆಸುವ ಸೂರ್ಯ, ಆಕೆ ಗರ್ಭಿಣಿಯಾದಾಗ ಕೈಬಿಡುತ್ತಾನೆ. ಕೊನೆಗೆ ತನ್ನದೇ ಪಾಪಪ್ರಜ್ಞೆಯಿಂದ ಹೆದರಿ, ಏನೂ ಅರಿಯದ ಆಕೆಯ ಗಂಡನನ್ನು ಹೊಡೆಯುತ್ತಾನೆ.

ಲಕ್ಷ್ಮಿಯಾಗಿ ಶಬಾನಾ ಆಜ್ಮಿ, ಗಂಡನಾಗಿ ಸಾಧು ಮೆಹರ್ ಇಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂತು. ಅನಂತ್ ನಾಗ್ ಅವರಿಗೆ ಬರಲಿಲ್ಲ. ಆದರೆ ಸೂರ್ಯನ ಹೇಡಿತನ ನಂಬುವಂತೆ ಇರದಿದ್ದರೆ ಆ ಚಿತ್ರವೇ ನಿಲ್ಲುತ್ತಿರಲಿಲ್ಲ.

ಬೆನಗಲ್ ಅವರನ್ನು ಮತ್ತೆ ಮತ್ತೆ ಕರೆದರು. 'ನಿಶಾಂತ್', 'ಮಂಥನ್', 'ಭೂಮಿಕಾ', 'ಕೊಂಡುರಾ', 'ಕಲಿಯುಗ್' ಹೀಗೆ ಸಾಲು ಚಿತ್ರಗಳು. ಗುಜರಾತಿನ ಹಾಲು ಸಹಕಾರ ಸಂಘದ ಕಥೆ 'ಮಂಥನ್'ನಲ್ಲಿ, ಹಳ್ಳಿಯ ಹುಡುಗಿಯ ಜೊತೆ ಸಂಬಂಧ ಬೆಳೆಸಿ ಇಡೀ ತಂಡಕ್ಕೆ ಸಂಕಟ ತರುವ ಯುವಕ ಇವರೇ.

ಎರಡು ದೋಣಿಯ ಪಯಣ

ಹಿಂದಿಯಲ್ಲಿ ಹೆಸರು ಬರುತ್ತಿದ್ದಾಗಲೇ ಕನ್ನಡದಲ್ಲೂ ಅವರು ಬೇರೂರತೊಡಗಿದರು. 1975ರಲ್ಲಿ ಜಿ.ವಿ. ಅಯ್ಯರ್ ನಿರ್ದೇಶನದ 'ಹಂಸಗೀತೆ'ಯಲ್ಲಿ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನಾದರು. ತ.ರಾ.ಸು. ಕಾದಂಬರಿ ಆಧರಿಸಿದ ಈ ಚಿತ್ರದ ಗಾಯನಕ್ಕೆ ಬಾಲಮುರಳೀಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಹನ್ನೆರಡು ವರ್ಷಗಳ ನಂತರ ಮಲಯಾಳಂನ 'ಸ್ವಾತಿ ತಿರುನಾಳ್' ಚಿತ್ರದಲ್ಲಿ ಅವರು ವಾಗ್ಗೇಯಕಾರ ಮಹಾರಾಜನ ಪಾತ್ರ ಮಾಡಿದರು.

ಕಲಾತ್ಮಕ ಚಿತ್ರದ ನಟ ಎಂಬ ಹಣೆಪಟ್ಟಿಗೆ ಅವರು ಅಂಟಿಕೊಳ್ಳಲಿಲ್ಲ. ದೊರೈ-ಭಗವಾನ್ ಅವರ 'ಬಯಲು ದಾರಿ' ಮನೆಮಂದಿಯನ್ನೆಲ್ಲ ಚಿತ್ರಮಂದಿರಕ್ಕೆ ಕರೆತಂದಿತು. 'ನಾ ನಿನ್ನ ಬಿಡಲಾರೆ' ಹೆದರಿಸಿತು. ನಟಿ ಲಕ್ಷ್ಮಿ ಅವರೊಂದಿಗಿನ ಜೋಡಿ ಎಂಭತ್ತರ ದಶಕದ ಕೌಟುಂಬಿಕ ಚಿತ್ರಗಳ ಗುರುತಾಯಿತು. ಇದರ ನಡುವೆಯೇ ಎಂ.ಎಸ್. ಸತ್ಯು ಅವರ 'ಬರ'ದಲ್ಲಿ ಕ್ಷಾಮಪೀಡಿತ ಜಿಲ್ಲೆಯ ಅಧಿಕಾರಿಯಾದರು. ಯು.ಆರ್. ಅನಂತಮೂರ್ತಿ ಅವರ ಕಾದಂಬರಿ ಆಧರಿಸಿದ 'ಅವಸ್ಥೆ'ಯಲ್ಲಿ ಹಾಸಿಗೆ ಹಿಡಿದ ರಾಜಕಾರಣಿ ಕೃಷ್ಣಪ್ಪನಾದರು.

ಅಣ್ಣ-ತಮ್ಮ

ಅನಂತ್ ಅವರಿಗಿಂತ ಆರು ವರ್ಷ ಚಿಕ್ಕವರಾದ ಶಂಕರ್ ನಾಗ್ ಕೂಡ ಮುಂಬೈ ರಂಗಭೂಮಿಯಿಂದಲೇ ಬಂದವರು. ಶಂಕರ್ ನಿರ್ದೇಶನದ 'ಮಿಂಚಿನ ಓಟ'ದಲ್ಲಿ ಸಹೋದರರು ಕಾರು ಕಳ್ಳರಾಗಿ ನಟಿಸಿದರು. ಅನಂತ್ ಅವರಿಗೆ ರಾಜ್ಯದ ಶ್ರೇಷ್ಠ ನಟ ಪ್ರಶಸ್ತಿ ಬಂತು. 'ಆಕ್ಸಿಡೆಂಟ್'ನಲ್ಲಿ (1985) ಅಣ್ಣ, ಮಗ ಮಾಡಿದ ಅಪಘಾತವನ್ನು ಅಧಿಕಾರ ಬಳಸಿ ಮುಚ್ಚಿಹಾಕುವ ರಾಜಕಾರಣಿ ಧರ್ಮಾಧಿಕಾರಿ. ತಮ್ಮ, ಅದನ್ನು ಬೆನ್ನಟ್ಟುವ ಪತ್ರಕರ್ತ. ಈ ಚಿತ್ರ ರಾಷ್ಟ್ರಪ್ರಶಸ್ತಿ ಪಡೆಯಿತು.

ದೂರದರ್ಶನಕ್ಕಾಗಿ ಶಂಕರ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್' ಆಗುಂಬೆಯ ಬೀದಿಗಳನ್ನು ದೇಶದ ಮನೆಮನೆಗೆ ತಲುಪಿಸಿತು. ಅದರಲ್ಲಿ ಮಿಠಾಯಿ ವ್ಯಾಪಾರಿ ಜಗನ್ ಆಗಿ ಅನಂತ್ ನಾಗ್ ಕಾಣಿಸಿಕೊಂಡರು. ಮಗನನ್ನು ಅರ್ಥಮಾಡಿಕೊಳ್ಳಲಾಗದ ಆ ತಂದೆಯನ್ನು ಕನ್ನಡ ಬಾರದವರೂ ನೆನಪಿಟ್ಟುಕೊಂಡಿದ್ದಾರೆ. ಮುಂದೆ 'ಗರ್ವ', 'ಪ್ರೀತಿ ಇಲ್ಲದ ಮೇಲೆ' ಧಾರಾವಾಹಿಗಳ ಮೂಲಕವೂ ಅವರು ಕಿರುತೆರೆಯ ವೀಕ್ಷಕರಿಗೆ ಹತ್ತಿರವಾದರು.

1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿ ನಡೆದ ರಸ್ತೆ ಅಪಘಾತ ಶಂಕರ್ ಅವರನ್ನು ಕಿತ್ತುಕೊಂಡಿತು. ಅವರಿಗಿನ್ನೂ 35 ವರ್ಷ. ಆ ನೆನಪುಗಳನ್ನು ಅಣ್ಣ 'ನನ್ನ ತಮ್ಮ ಶಂಕರ' ಪುಸ್ತಕದಲ್ಲಿ ಬರೆದರು.

ನಗು ಮತ್ತು ರಾಜಕೀಯ

ಅದೇ 1990ರಲ್ಲಿ ಬಂದ ಫಣಿ ರಾಮಚಂದ್ರ ಅವರ 'ಗಣೇಶನ ಮದುವೆ' ಇಂದಿಗೂ ಟಿವಿಯಲ್ಲಿ ಬಂದರೆ ಜನ ಚಾನೆಲ್ ಬದಲಿಸುವುದಿಲ್ಲ. ವಠಾರದ ಜಗಳ, ಬಾಡಿಗೆ ಕಿರಿಕಿರಿ, ಕಂಡೇ ಇರದ ಗಾಯಕಿಯ ಮೇಲೆ ಪ್ರೀತಿ. ನಂತರ ಬಂದ 'ಗೌರಿ ಗಣೇಶ'ವೂ ಅದೇ ಸಾಲಿನದು. ಮುಖ ಕಿವುಚದೆ, ಅರಚದೆ, ಸಿಕ್ಕಿಬಿದ್ದವನ ಪೇಚಾಟದಿಂದಲೇ ನಗಿಸುವುದು ಅವರ ಶೈಲಿ.

ತೆರೆಯ ಮೇಲೆ ರಾಜಕಾರಣಿಯಾಗಿದ್ದವರು ನಿಜ ರಾಜಕಾರಣಕ್ಕೂ ಇಳಿದರು. 1994ರಲ್ಲಿ ಬೆಂಗಳೂರಿನ ಮಲ್ಲೇಶ್ವರದಿಂದ ಜನತಾದಳದ ಶಾಸಕರಾದರು. ಜೆ.ಎಚ್. ಪಟೇಲ್ ಸಂಪುಟದಲ್ಲಿ ಸಚಿವರೂ ಆದರು. 2004ರಲ್ಲಿ ಚಾಮರಾಜಪೇಟೆಯಲ್ಲಿ ಎಸ್.ಎಂ. ಕೃಷ್ಣ ವಿರುದ್ಧ ನಿಂತು ಸೋತರು. ಸಿನಿಮಾ ಮಾತ್ರ ಕೈಬಿಡಲಿಲ್ಲ.

ಎರಡನೇ ಇನ್ನಿಂಗ್ಸ್

2006ರ 'ಮುಂಗಾರು ಮಳೆ'ಯಲ್ಲಿ ನಾಯಕಿಯ ತಂದೆ, ಕರ್ನಲ್ ಸುಬ್ಬಯ್ಯನಾಗಿ ಹೊಸ ಪೀಳಿಗೆಗೆ ಅವರ ಪರಿಚಯವಾಯಿತು. ಆದರೆ ಹಿರಿಯ ನಟನನ್ನೇ ನಡುವಿಟ್ಟು ಕಥೆ ಹೆಣೆದದ್ದು ಹೇಮಂತ್ ರಾವ್ ಅವರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' (2016). ಕಾಣೆಯಾದವರ ಜಾಹೀರಾತಿನಲ್ಲಿ ಬರುವ ಮಾತುಗಳೇ ಚಿತ್ರದ ಹೆಸರು.

ಅಲ್ಜೈಮರ್ಸ್ ರೋಗಿ ವೆಂಕೋಬ್ ರಾವ್ ಅವರನ್ನು ಆರೈಕೆ ಕೇಂದ್ರದಲ್ಲಿ ಬಿಟ್ಟು ಮಗ ಮುಂಬೈಗೆ ಹೋಗಿರುತ್ತಾನೆ. ಮರಳಿ ಬಂದ ಮಗನ ಕಣ್ತಪ್ಪಿ ತಂದೆ ಬೆಂಗಳೂರಿನಲ್ಲಿ ಕಳೆದುಹೋಗುತ್ತಾರೆ. ಊರಲ್ಲಿ ವಯಸ್ಸಾದ ಅಪ್ಪ-ಅಮ್ಮನನ್ನು ಬಿಟ್ಟು ದೂರದಲ್ಲಿ ದುಡಿಯುವ ಯಾರಿಗೂ ಈ ಚಿತ್ರವನ್ನು ನಿರಾಳವಾಗಿ ನೋಡಲಾಗದು. ಇದು ತಮಿಳಿನಲ್ಲಿ '60 ವಯದು ಮಾನಿರಂ' ಆಗಿ ಬಂದಾಗ ತಂದೆಯ ಪಾತ್ರ ಮಾಡಿದವರು ಪ್ರಕಾಶ್ ರಾಜ್.

2018ರಲ್ಲಿ 'ಕೆಜಿಎಫ್' ಮೊದಲ ಭಾಗದಲ್ಲಿ ರಾಕಿಯ ಕಥೆ ಹೇಳುವ ಲೇಖಕ ಆನಂದ್ ಇಂಗಳಗಿ, 2019ರ 'ಕವಲುದಾರಿ'ಯಲ್ಲಿ ನಿವೃತ್ತ ಪೊಲೀಸ್ ಅಧಿಕಾರಿ ಮುತ್ತಣ್ಣ. ಎಪ್ಪತ್ತರ ಗಡಿಯಲ್ಲೂ ಅವರಿಗೆಂದೇ ಪಾತ್ರ ಬರೆಯುವವರಿದ್ದರು.

ಕನ್ನಡದಲ್ಲೇ ಇನ್ನೂರಕ್ಕೂ ಹೆಚ್ಚು ಚಿತ್ರಗಳಿರುವಾಗ ಎಲ್ಲಿಂದ ಶುರುಮಾಡುವುದು ಎಂದು ಹೊರನಾಡಿನಲ್ಲಿ ಬೆಳೆದ ಮಕ್ಕಳು ಕೇಳಿದರೆ, ಮೂರು ಚಿತ್ರ ಸಾಕು. ಮೊದಲು 'ಗಣೇಶನ ಮದುವೆ', ಆಮೇಲೆ 'ಅಂಕುರ್', ಕೊನೆಗೆ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು'. ನಗಿಸಿದವನು, ಸಿಟ್ಟು ಬರಿಸಿದವನು, ಅಳಿಸಿದವನು ಒಬ್ಬನೇ ನಟ ಎಂಬುದು ಅವರಿಗೇ ಗೊತ್ತಾಗುತ್ತದೆ.