ಯಾರ ಜೇಬು, ಯಾರ ಹಣ

1870ರ ದಶಕ, ಲಂಡನ್ನಿನ ವಾಟರ್ಲೂ ರೈಲು ನಿಲ್ದಾಣ. ಹೆಂಗಸೊಬ್ಬರ ಪರ್ಸ್ ಎಗರಿಸಿದ ಹುಡುಗ ಸಿಕ್ಕಿಬಿದ್ದ. ಕಳೆದುಕೊಂಡವರು ಮಿಲಿಸೆಂಟ್ ಫಾಸೆಟ್, ಮುಂದೆ ಇಂಗ್ಲೆಂಡಿನಲ್ಲಿ ಹೆಂಗಸರ ಮತದಾನದ ಹಕ್ಕಿಗಾಗಿ ದಶಕಗಟ್ಟಲೆ ಹೋರಾಡಿದವರು. ಪ್ರಕರಣ ನ್ಯಾಯಾಲಯಕ್ಕೆ ಬಂದಾಗ ಆರೋಪದ ಒಕ್ಕಣೆ ಕೇಳಿ ಅವರು ದಂಗಾದರು. ಪರ್ಸ್ ಹೋದದ್ದು ಮಿಲಿಸೆಂಟ್ ಅವರ ಬಳಿಯಿಂದ. ಅದರಲ್ಲಿದ್ದದ್ದು ಒಂದು ಪೌಂಡ್ 18 ಶಿಲಿಂಗ್ 6 ಪೆನ್ಸ್. ಆದರೆ ಸ್ವತ್ತು ಮಾತ್ರ ಹೆನ್ರಿ ಫಾಸೆಟ್ ಅವರದು, ಅಂದರೆ ಗಂಡನದು. ಕಳ್ಳತನದ ಆರೋಪ ತನ್ನ ಮೇಲೆಯೇ ಬಂದಂತಾಯಿತು ಎಂದು ಆಕೆ ಆಮೇಲೆ ನೆನೆಸಿಕೊಂಡಿದ್ದಾರೆ.

ಗಂಡನ ತಪ್ಪೇನೂ ಇರಲಿಲ್ಲ. ಹೆನ್ರಿ ಫಾಸೆಟ್ ಅರ್ಥಶಾಸ್ತ್ರಜ್ಞ, ಕಣ್ಣು ಕಾಣದ ಸಂಸದ, ಹೆಂಗಸರ ಹಕ್ಕಿನ ಪರವಾಗಿದ್ದವರು. ನಮ್ಮ ದೇಶದ ತೆರಿಗೆ ಹಣ ಹೇಗೆ ಖರ್ಚಾಗುತ್ತಿದೆ ಎಂದು ಪಾರ್ಲಿಮೆಂಟಿನಲ್ಲಿ ಮತ್ತೆಮತ್ತೆ ಕೇಳುತ್ತಿದ್ದುದಕ್ಕೆ ಅವರನ್ನು ಭಾರತದ ಸದಸ್ಯ ಎಂದೇ ಕರೆಯುತ್ತಿದ್ದರು. ಆದರೆ ಕಾನೂನು ಇದ್ದದ್ದೇ ಹಾಗೆ. ಮದುವೆಯಾದ ಹೆಣ್ಣಿನ ಚರಸ್ವತ್ತೆಲ್ಲ ಗಂಡನದು. ದುಡಿದ ಕೂಲಿ ಅವಳದೇ ಎಂದು ಒಪ್ಪಿದ್ದು 1870ರ ಕಾಯಿದೆ, ಉಳಿದ ಆಸ್ತಿಯೂ ಅವಳದೇ ಎಂದು ಒಪ್ಪಿದ್ದು 1882ರ ಕಾಯಿದೆ.

ಹೆಂಗಸರ ಬಟ್ಟೆಗೆ ಸರಿಯಾದ ಜೇಬು ಯಾಕಿಲ್ಲ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಫ್ಯಾಷನ್. ಸುಳ್ಳಲ್ಲ, ಆದರೆ ಅರ್ಧ ಕಥೆ. ಯಾಕೆಂದರೆ ಮಿಲಿಸೆಂಟರ ಮುತ್ತಜ್ಜಿಯ ಕಾಲದ ಇಂಗ್ಲಿಷ್ ಹೆಂಗಸಿಗೆ ಇದ್ದ ಜೇಬು ಇವತ್ತು ಪುಣೆಯಲ್ಲೋ ದೆಹಲಿಯಲ್ಲೋ ಜೀನ್ಸ್ ತೊಟ್ಟು ಓಡಾಡುವ ಹುಡುಗಿಗೂ ಇಲ್ಲ. ಆಗ ಆಸ್ತಿ ಇರಲಿಲ್ಲ, ಜೇಬಿತ್ತು. ಈಗ ಆಸ್ತಿಯಿದೆ.

ಆ ಹಳೆಯ ಜೇಬು ಬಟ್ಟೆಯ ಭಾಗವಾಗಿರಲಿಲ್ಲ. 17ನೇ ಶತಮಾನದ ಕೊನೆಯಿಂದ 19ನೇ ಶತಮಾನದವರೆಗೂ ಇಂಗ್ಲೆಂಡಿನ ಹೆಂಗಸರು, ಅರಮನೆಯವರಿಂದ ಹಿಡಿದು ಮನೆಗೆಲಸದವರವರೆಗೆ, ಸೊಂಟಕ್ಕೆ ಲಾಡಿ ಕಟ್ಟಿಕೊಂಡು ಅದರಲ್ಲಿ ಒಂದೋ ಎರಡೋ ಚೀಲ ಇಳಿಬಿಡುತ್ತಿದ್ದರು. ಮೇಲೆ ಕಿರಿದು, ಕೆಳಗೆ ಅಗಲ, ಸೋರೆಬುರುಡೆಯ ಆಕಾರ. ಉದ್ದ ಸಾಮಾನ್ಯವಾಗಿ ಒಂದಡಿಗೂ ಮಿಕ್ಕಿ. ಮುಂಭಾಗದಲ್ಲಿ ಉದ್ದಕ್ಕೆ ಒಂದು ಸೀಳು. ಇದರ ಮೇಲೆ ಲಂಗ, ಲಂಗದ ಮೇಲೆ ಗೌನು, ಎರಡರ ಪಕ್ಕದ ಹೊಲಿಗೆಯಲ್ಲೂ ಕೈ ತೂರುವಷ್ಟು ಬಿರುಕು. ಹೊರಗಿನವರಿಗೆ ಏನೂ ಕಾಣದು. ಒಳಗೆ ಬೀಗದ ಕೈ, ಕತ್ತರಿ, ಸೂಜಿ, ಅಂಗುಸ್ತಾನ, ನಶ್ಯದ ಡಬ್ಬಿ, ಕಾಗದ, ಚಿಲ್ಲರೆ, ತಿನ್ನುವುದಕ್ಕೆ ಏನಾದರೂ. ಮ್ಯೂಸಿಯಂಗಳಲ್ಲಿ ಉಳಿದಿರುವ ಕೆಲವಕ್ಕೆ ಬಳ್ಳಿ ಹೂವಿನ ಕಸೂತಿಯಿದೆ. ಕೆಲವನ್ನು ಹಳೆಯ ಚೀಟಿಬಟ್ಟೆಯ ತುಂಡುಗಳನ್ನು ಕೌದಿಯ ಹಾಗೆ ಜೋಡಿಸಿ ಹೊಲಿದಿದ್ದಾರೆ. ಯಾರಿಗೂ ಕಾಣದ ವಸ್ತುವಿಗೆ ಅಷ್ಟು ಕಸೂತಿ ಯಾಕೆ ಅಂದರೆ, ತನಗಾಗಿ.

ಇಂಗ್ಲಿಷ್ ಮಕ್ಕಳ ಪದ್ಯವೊಂದರಲ್ಲಿ ಲೂಸಿ ಎಂಬವಳು ಜೇಬು ಕಳೆದುಕೊಳ್ಳುತ್ತಾಳೆ, ಕಿಟ್ಟಿ ಎಂಬವಳಿಗೆ ಅದು ಸಿಗುತ್ತದೆ. ಜೇಬು ಕಳೆಯುವುದು ಹೇಗೆ ಎಂದು ಚಿಕ್ಕಂದಿನಲ್ಲಿ ನನಗೆ ಅರ್ಥವಾಗಿರಲಿಲ್ಲ. ಲಾಡಿ ಬಿಚ್ಚಿ ಬಿದ್ದಿರಬೇಕು! ಅಥವಾ ಕಳ್ಳ ಲಾಡಿಯನ್ನೇ ಕತ್ತರಿಸಿರಬೇಕು. ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ಅಂಥ ಪ್ರಕರಣಗಳಿಗೆ ಬರವಿರಲಿಲ್ಲ. ಅಲ್ಲಿ ಸಾಕ್ಷಿ ಹೇಳಲು ಬಂದ ಹೆಂಗಸರು ಜೇಬಿನಲ್ಲಿ ಏನೇನಿತ್ತು ಎಂದು ಒಂದೊಂದಾಗಿ ಹೇಳಿದ್ದು ಬರಹದಲ್ಲಿ ಉಳಿದಿದೆ. ಓದುಬರಹ ಬಾರದ ಬಡ ಹೆಂಗಸರ ದಿನನಿತ್ಯದ ಬಗ್ಗೆ ಇತಿಹಾಸಕಾರರಿಗೆ ಇಷ್ಟು ವಿವರ ಬೇರೆಡೆ ಸಿಗುವುದು ಕಷ್ಟ. ಮದುವೆಯಾದವಳಾದರೆ ಆ ಪಟ್ಟಿಯ ಮೇಲೂ ಮಾಲೀಕನೆಂದು ಗಂಡನ ಹೆಸರೇ. ಮಿಲಿಸೆಂಟರಿಗೆ ಆದದ್ದು ಹೊಸತೇನಲ್ಲ.

1790ರ ದಶಕದಲ್ಲಿ ಫ್ಯಾಷನ್ ಬದಲಾಯಿತು. ಪ್ರಾಚೀನ ಗ್ರೀಕ್ ಶಿಲ್ಪಗಳ ಅನುಕರಣೆಯಲ್ಲಿ ಮೈಗೆ ಅಂಟಿ ಇಳಿಯುವ ತೆಳು ಗೌನು ಬಂತು. ಅದರೊಳಗೆ ಇಂಥ ಚೀಲ ಕಟ್ಟಿದರೆ ಉಬ್ಬಿ ಕಾಣುತ್ತದೆ. ಹಾಗಾಗಿ ಕೈಯಲ್ಲಿ ತೂಗಾಡಿಸುವ ಪುಟ್ಟ ಚೀಲ, ರೆಟಿಕ್ಯೂಲ್, ಬಂತು. ಅದನ್ನು ರಿಡಿಕ್ಯೂಲ್, ಅಂದರೆ ಗೇಲಿ, ಎಂದು ಆಡಿಕೊಂಡವರೂ ಇದ್ದರು. ಜೇಬಿನ ಕಥೆಯನ್ನು ಬಹಳ ಮಂದಿ ಇಲ್ಲಿಗೇ ಮುಗಿಸಿಬಿಡುತ್ತಾರೆ. ಬಾರ್ಬರಾ ಬರ್ಮನ್ ಮತ್ತು ಆರಿಯಾನ್ ಫೆನೆತೊ 2019ರಲ್ಲಿ ಪ್ರಕಟಿಸಿದ ಪುಸ್ತಕ ಅದು ಸರಿಯಲ್ಲವೆಂದು ತೋರಿಸಿತು. ಫ್ಯಾಷನ್ನಿನವರು ಏನೇ ಮಾಡಲಿ, ಬೀಗದ ಕೈ ಹೊತ್ತು ದುಡಿಯುವ ಹೆಂಗಸರು ಸೊಂಟದ ಚೀಲವನ್ನು ಇಡೀ 19ನೇ ಶತಮಾನ ಬಿಡಲಿಲ್ಲ.

ಜೇಬು ನಿಜವಾಗಿ ಕೈತಪ್ಪಿದ್ದು ಅದು ಬಟ್ಟೆಗೆ ಹೊಲಿಗೆಯಾದಾಗ ಎಂದು ನನಗೆ ಅನಿಸುತ್ತದೆ. ಬೇರೆಯಾಗಿ ಕಟ್ಟುತ್ತಿದ್ದ ಚೀಲಕ್ಕೆ ಗೌನಿನ ಹಂಗಿರಲಿಲ್ಲ. ಗೌನು ಹರಿದರೂ, ಹಳತಾದರೂ, ಯಜಮಾನಿತಿ ಕೊಟ್ಟ ಉಡುಗೆ ತೊಟ್ಟರೂ ಚೀಲ ಅದೇ. ಎಷ್ಟು ಆಳ ಎನ್ನುವುದನ್ನು ಹೊಲಿದುಕೊಂಡವಳೇ ತೀರ್ಮಾನಿಸಿದ್ದಳು. ಲಂಗದ ಹೊಲಿಗೆಯೊಳಗೆ ಸೇರಿದ ಮೇಲೆ ಲಂಗದ ಗತಿಯೇ ಅದರ ಗತಿ. 1870, 80ರ ದಶಕಗಳಲ್ಲಿ ಹಿಂಭಾಗ ಉಬ್ಬಿದ ಉಡುಪು ಬಂದಾಗ ಜೇಬೂ ಹಿಂದಿನ ಮಡಿಕೆಗಳೊಳಗೆ ಹೋಯಿತು. ತೊಟ್ಟವಳ ಕೈಗೆ ದೂರ, ಹಿಂದೆ ನಿಂತ ಕಳ್ಳನಿಗೆ ಹತ್ತಿರ. 1881ರಲ್ಲಿ ಲಂಡನ್ನಿನಲ್ಲಿ ವಿವೇಕದ ಉಡುಗೆಗಾಗಿ ಒಂದು ಸಂಘವೇ ಹುಟ್ಟಿತು. ಆಮೇಲೆ ಹೊಲಿಗೆ ಮನೆಯಿಂದ ಕಾರ್ಖಾನೆಗೆ ಹೋಯಿತು. ಗಂಡಸರ ಕೋಟಿಗೆ ಇಂತಿಷ್ಟು ಜೇಬು ಎಂಬುದು ಅಷ್ಟರಲ್ಲಿ ದರ್ಜಿಯ ವಾಡಿಕೆಯಾಗಿತ್ತು. ಹೆಂಗಸರಿಗೆ ಅಂಥ ವಾಡಿಕೆಯೇ ಬೆಳೆಯಲಿಲ್ಲ.

ಅಮೆರಿಕದ ಷಾರ್ಲೆಟ್ ಪರ್ಕಿನ್ಸ್ ಗಿಲ್ಮನ್ 1914ರಲ್ಲಿ ಬರೆದ ಒಂದು ಕಥೆಯಲ್ಲಿ ಹೆಂಡತಿಯೊಬ್ಬಳು ಬೆಳಗಾಗುವಷ್ಟರಲ್ಲಿ ಗಂಡನಾಗಿಬಿಡುತ್ತಾಳೆ. ಅವಳನ್ನು ಬೆರಗುಗೊಳಿಸುವ ಸಂಗತಿಗಳಲ್ಲಿ ಜೇಬು ಒಂದು. ಗಂಡನ ಜೇಬುಗಳನ್ನು ಅವಳು ಎಣಿಸಿದ್ದಳು, ಹರಿದಾಗ ಹೊಲಿದಿದ್ದಳು, ಹೊಟ್ಟೆಕಿಚ್ಚೂ ಪಟ್ಟಿದ್ದಳು. ಬೇಕಾದ್ದೆಲ್ಲ ಕೈಗೆ ಸಿಗುವ ಹಾಗೆ ಮೈಮೇಲೇ ಇರುವ ಸುಖ ಹೇಗಿರುತ್ತದೆ ಎಂದು ಊಹಿಸಿರಲಿಲ್ಲ. ಮರುವರ್ಷ ಆಲಿಸ್ ಡ್ಯೂಯರ್ ಮಿಲ್ಲರ್ ತಮ್ಮ ವಿಡಂಬನೆಗಳ ಪುಸ್ತಕದಲ್ಲಿ ಹೆಂಗಸರಿಗೆ ಜೇಬು ಯಾಕೆ ಕೂಡದು ಎಂದು ಗಂಭೀರ ಮುಖ ಮಾಡಿ ಕಾರಣ ಕೊಟ್ಟರು. ಬಹುಪಾಲು ಹೆಂಗಸರಿಗೆ ಜೇಬು ಬೇಕಾಗಿಲ್ಲ, ಬೇಕಿದ್ದರೆ ಇಷ್ಟರಲ್ಲಿ ಇರುತ್ತಿತ್ತು. ಯಾರ ಜೇಬು ತುಂಬಬೇಕೆಂದು ಗಂಡಹೆಂಡಿರಲ್ಲಿ ಜಗಳವಾಗುತ್ತದೆ. ಹೀಗೆ ಸಾಗುತ್ತದೆ. ಜೇಬು ಎಂದಿರುವಲ್ಲೆಲ್ಲ ವೋಟು ಎಂದಿಟ್ಟು ಓದಿದರೆ, ವೋಟು ಕೊಡಬಾರದೆಂದು ಆಗ ದೊಡ್ಡ ಮನುಷ್ಯರು ಹೇಳುತ್ತಿದ್ದ ಮಾತುಗಳೇ. ಅಮೆರಿಕದ ಹೆಂಗಸರಿಗೆ ವೋಟು 1920ರಲ್ಲಿ ಬಂತು. ಜೇಬಿಗೆ ಯಾವ ತಿದ್ದುಪಡಿಯೂ ಬರಲಿಲ್ಲ.

ನಮ್ಮ ಕಡೆಯ ಹೆಂಗಸಿಗೂ ಸೊಂಟದ ಚೀಲ ಗೊತ್ತಿತ್ತು. ಎಲೆ, ಅಡಿಕೆ, ಸುಣ್ಣದ ಡಬ್ಬಿಗೆ ಬೇರೆ ಬೇರೆ ಗೂಡುಗಳಿರುವ, ದಾರ ಎಳೆದರೆ ಬಾಯಿ ಮುಚ್ಚುವ ಸಂಚಿ. ಇಂಗ್ಲೆಂಡಿನಲ್ಲಿ ಲಾಡಿಯ ಜೇಬು ಬಳಕೆಗೆ ಬರುತ್ತಿದ್ದ ಹೊತ್ತಿನಲ್ಲೇ, 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿ ಹಿಡಿಯುವ ಊಳಿಗದ ಹೊನ್ನಮ್ಮ ಹದಿಬದೆಯ ಧರ್ಮ ಬರೆದಳು. ಕನ್ನಡ ಸಾಹಿತ್ಯ ಚರಿತ್ರೆ ಅವಳನ್ನು ಇವತ್ತಿಗೂ ಸಂಚಿ ಹೊನ್ನಮ್ಮ ಎಂದೇ ಕರೆಯುತ್ತದೆ. ಆ ಸಂಚಿ ಅವಳದಲ್ಲ, ಒಡೆಯರ ಮನೆಯದು, ಎಂಬುದು ನನ್ನನ್ನು ಆಗಾಗ ಕಾಡುತ್ತದೆ.

ಸಂಚಿ ಇಲ್ಲದಿದ್ದರೆ ಸೆರಗಿನ ತುದಿಯ ಗಂಟು, ಇಲ್ಲವೇ ಕುಪ್ಪಸದೊಳಗೆ ಮಡಿಸಿಟ್ಟ ನೋಟು. ಇದನ್ನು ನಾಚಿಕೆಗೇಡು ಎನ್ನುವವರಿಗೆ ಒಂದು ಮಾತು. ಜೇಬು ಎಂಬ ಪದದ ಅರಬ್ಬೀ ಮೂಲದ ಅರ್ಥವೇ ಎದೆಯ ಮೇಲಿನ ಬಟ್ಟೆಯ ತೆರಪು. ನಮ್ಮ ಗಣಿತದ ಜ್ಯಾ, ಜೀವಾ ಅರಬ್ಬಿಗೆ ಹೋದಾಗ ಈ ಪದದೊಡನೆ ಬೆರೆತು, ಲ್ಯಾಟಿನ್ನಿಗೆ ಎದೆಯ ಮಡಿಕೆ ಎಂಬರ್ಥದ ಸೈನಸ್ ಆಗಿ, ಶಾಲೆಯಲ್ಲಿ ನಮ್ಮನ್ನು ಗೋಳುಹೊಯ್ದುಕೊಂಡ ಸೈನ್ ಆಯಿತು.

ಕಾನೂನಿನಲ್ಲಿ ಹಿಂದೂ ಹೆಣ್ಣಿನ ಸ್ತ್ರೀಧನ ಅವಳದೇ ಆಗಿತ್ತು, ಅಷ್ಟರಮಟ್ಟಿಗೆ ಅವಳು ಮಿಲಿಸೆಂಟರಿಗಿಂತ ಮೇಲು. ಉಳಿದ ಆಸ್ತಿಯ ಮಾತು ಬೇರೆ. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಹೆಂಗಸರ ಆಸ್ತಿ ಹಕ್ಕನ್ನು ಹಿಗ್ಗಿಸುವ ಕಾಯಿದೆ ತಂದಿತು. ಬ್ರಿಟಿಷ್ ಇಂಡಿಯಾದಲ್ಲಿ ಅಂಥದ್ದು ಬಂದದ್ದು ನಾಲ್ಕು ವರ್ಷ ತಡವಾಗಿ. ಅಲ್ಲಿಯವರೆಗೂ, ಆಮೇಲೂ, ಎಷ್ಟೋ ಮನೆಗಳಲ್ಲಿ ಹೆಣ್ಣಿನ ಬ್ಯಾಂಕು ಸಾಸಿವೆ ಡಬ್ಬಿ. ನನ್ನ ಅಜ್ಜಿಯ ಸಂಚಿಯಲ್ಲಿ ಅಡಿಕೆಯ ಕೆಳಗಿನ ಗೂಡಿನಲ್ಲಿ ಅಜ್ಜನಿಗೆ ಗೊತ್ತಿಲ್ಲದ ಹಣವಿರುತ್ತಿತ್ತು. ನನ್ನಮ್ಮನ ಪರೀಕ್ಷೆಯ ಫೀಸು ಒಮ್ಮೆ ಅಲ್ಲಿಂದ ಬಂದದ್ದು. ನೋಟಿಗೆ ಲವಂಗದ ವಾಸನೆ ಬರುತ್ತಿತ್ತು ಎಂದು ಅಮ್ಮ ಹೇಳುತ್ತಾರೆ. ಮುಂಬಯಿಯ ಮಾರುಕಟ್ಟೆಗಳಲ್ಲಿ ಮೀನು, ತರಕಾರಿ ಮಾರುವ ಹೆಂಗಸರ ಸೊಂಟದಲ್ಲಿ ಅಂಥ ಚೀಲ ಈಗಲೂ ಕಾಣಸಿಗುತ್ತದೆ. ಸೀರೆಯಿಂದ ಸಲ್ವಾರಿಗೆ, ಜೀನ್ಸಿಗೆ ದಾಟಿದ ನಾವು ಮಾತ್ರ ಸಂಚಿ ಬಿಟ್ಟು ಬಂದೆವು. ಬದಲಿಗೆ ಸಿಕ್ಕಿದ್ದೇನು? 2018ರಲ್ಲಿ ಅಮೆರಿಕದ ಇಬ್ಬರು ಪತ್ರಕರ್ತೆಯರು ಅಲ್ಲಿನ 20 ಬ್ರ್ಯಾಂಡುಗಳ ಜೀನ್ಸ್ ಅಳೆದು ನೋಡಿದರು. ಹೆಂಗಸರ ಮುಂದಿನ ಜೇಬು ಗಂಡಸರದಕ್ಕಿಂತ ಸರಾಸರಿ ಶೇ. 48ರಷ್ಟು ಗಿಡ್ಡ, ಶೇ. 6.5ರಷ್ಟು ಕಿರಿದು.

ಕಳೆದ ವರ್ಷ ಇಲ್ಲಿ ಠಾಣೆಯಲ್ಲಿ ಪ್ಯಾಂಟ್ ಹೊಲಿಸಲು ಹೋದಾಗ ಜೇಬು ಕೇಳಿದೆ. ಫಿಟ್ಟಿಂಗ್ ಕೆಡುತ್ತದೆ, ಮೊಬೈಲ್ ಇಟ್ಟರೆ ಜೋತುಬೀಳುತ್ತದೆ ಎಂದರು ಮಾಸ್ಟರ್‌ಜಿ. ಅವರು ಹೇಳಿದ್ದು ನಿಜ. ಪಕ್ಕದ ಹೊಲಿಗೆಗೆ ಮಾತ್ರ ಸಿಕ್ಕಿಸಿದ ಜೇಬು ಭಾರಕ್ಕೆ ಬಟ್ಟೆಯನ್ನು ಎಳೆಯುತ್ತದೆ. ಹಳೆಯ ಜೇಬುಗಳ ಭಾರ ಗೌನಿನ ಮೇಲಲ್ಲ, ಸೊಂಟದ ಲಾಡಿಯ ಮೇಲೆ ಬೀಳುತ್ತಿತ್ತು. ಹಾಗಾಗಿ ಜೇಬಿನ ಅಸ್ತರನ್ನು ಮೇಲಕ್ಕೆ ಬೆಳೆಸಿ ಸೊಂಟದ ಪಟ್ಟಿಗೇ ಸೇರಿಸಿ ಹೊಲಿಯಿರಿ ಎಂದು ಕಾಗದದ ಮೇಲೆ ಗೀಚಿ ತೋರಿಸಿದೆ. ಅವರು ಕಾಗದವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಗಂಡಸರ ಪ್ಯಾಂಟಿಗೆ ನಾವು ಹೀಗೇ ತಾನೆ ಮಾಡೋದು ಎಂದರು. ಆಮೇಲೆ ನನ್ನ ಕೈಯನ್ನು ಮೇಜಿನ ಮೇಲೆ ಇಡಿಸಿ, ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಟೇಪು ಹಿಡಿದು ಅಳತೆ ಬರೆದುಕೊಂಡರು. ಏಳು ಇಂಚು.