ಮುಪ್ಪಿನ ಸ್ನಾಯುಕ್ಷಯ

ವಯಸ್ಸು ಏರಿದಂತೆ ಮೈಯ ಸ್ನಾಯುಗಳ ಗಾತ್ರವೂ ಬಲವೂ ಕುಗ್ಗುವ ಸ್ಥಿತಿ. ವೈದ್ಯಕೀಯದಲ್ಲಿ ಇದು ಸಾರ್ಕೊಪೀನಿಯ. 1989ರಲ್ಲಿ ಈ ಹೆಸರು ಕೊಟ್ಟವರು ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್. ನರೆ, ಸುಕ್ಕು, ಚಾಳೀಸು ಬೇಗ ಗೊತ್ತಾಗುತ್ತವೆ. ಸ್ನಾಯು ಸವೆದದ್ದು ಮಾತ್ರ ಬಹುಕಾಲ ತಿಳಿಯುವುದೇ ಇಲ್ಲ, ಏಕೆಂದರೆ ಅದು ಬಿಟ್ಟ ಜಾಗದಲ್ಲಿ ಕೊಬ್ಬು ಸೇರಿಕೊಂಡು ತೂಕ ಹಾಗೆಯೇ ಉಳಿಯಬಹುದು.

ಮೂವತ್ತರ ನಂತರ ಹತ್ತು ವರ್ಷಕ್ಕೆ ಸುಮಾರು ಶೇ. 3ರಿಂದ 8ರಷ್ಟು ಸ್ನಾಯು ಕರಗುತ್ತದೆ. ಅರವತ್ತು ದಾಟಿದ ಮೇಲೆ ಇನ್ನೂ ಬೇಗ. ಬೆನ್ನುಹುರಿಯ ಚಾಲಕ ನರಕೋಶಗಳು ಒಂದೊಂದಾಗಿ ಸತ್ತಾಗ ಅವುಗಳ ಹಿಡಿತದಲ್ಲಿದ್ದ ಸ್ನಾಯುತಂತುಗಳು ಅನಾಥವಾಗುತ್ತವೆ. ಕೆಲವನ್ನು ನೆರೆಯ ನರಗಳು ವಹಿಸಿಕೊಳ್ಳುತ್ತವೆ, ಉಳಿದವು ಸೊರಗುತ್ತವೆ. ಹೆಚ್ಚು ಪೆಟ್ಟು ಬೀಳುವುದು ಚುರುಕು ತಂತುಗಳಿಗೆ. ಎಡವಿದಾಗ ಥಟ್ಟನೆ ಕಾಲೂರಿ ಸಾವರಿಸಿಕೊಳ್ಳಲು ಬೇಕಾದವು ಇವೇ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಳ್ಳುವ ಹಿರಿಯರ ಕಥೆಯ ಹಿಂದೆ ಮೂಳೆಸವೆತದಷ್ಟೇ ಸ್ನಾಯುಕ್ಷಯವೂ ಇರುತ್ತದೆ.

2011ರ ಜನಗಣತಿಯಂತೆ ಭಾರತದಲ್ಲಿ ಅರವತ್ತು ದಾಟಿದವರು 10 ಕೋಟಿಗೂ ಹೆಚ್ಚು, ಜನಸಂಖ್ಯೆಯ ಶೇ. 8.6, ಕರ್ನಾಟಕದಲ್ಲಿ ಶೇ. 9.5. 2036ರ ಹೊತ್ತಿಗೆ ದೇಶದಲ್ಲಿ ಈ ಪ್ರಮಾಣ ಶೇ. 15ರ ಆಸುಪಾಸಿಗೆ ಬರುವ ಅಂದಾಜಿದೆ. ಇಷ್ಟು ಜನರನ್ನು ತಪಾಸಣೆ ಮಾಡಲು ದುಬಾರಿ ಯಂತ್ರ ಬೇಕಿಲ್ಲ. 2019ರ ಏಷ್ಯಾ ಮಾನದಂಡದಂತೆ ಕೈಹಿಡಿತದ ಬಲ ಗಂಡಸರಲ್ಲಿ 28 ಕಿಲೋ, ಹೆಂಗಸರಲ್ಲಿ 18 ಕಿಲೋಗಿಂತ ಕಡಿಮೆಯಿದ್ದರೆ, ಅಥವಾ ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡು ಇಲ್ಲವೇ ಹೆಚ್ಚು ಹಿಡಿದರೆ ಅನುಮಾನಿಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡದ ಜೊತೆಗೇ ಈ ಪರೀಕ್ಷೆಯೂ ನಡೆಯುವುದು ಅತ್ಯಗತ್ಯ.

ಸ್ನಾಯುಕ್ಷಯಕ್ಕೆಂದೇ ಒಪ್ಪಿತವಾದ ಮದ್ದು ಇನ್ನೂ ಇಲ್ಲ. ಕೆಲಸಕ್ಕೆ ಬರುವುದು ಭಾರದ ವ್ಯಾಯಾಮ. 1990ರಲ್ಲಿ ಪ್ರಕಟವಾದ ಬಾಸ್ಟನ್ನಿನ ಅಧ್ಯಯನವೊಂದರಲ್ಲಿ ತೊಂಬತ್ತರ ಆಸುಪಾಸಿನ, ವೃದ್ಧಾಶ್ರಮವಾಸಿಗಳಾದ ಹತ್ತು ಮಂದಿ ಎಂಟು ವಾರ ಕಾಲಿನಿಂದ ಭಾರ ಎತ್ತುವ ಅಭ್ಯಾಸಕ್ಕೆ ತೊಡಗಿದರು. ಪೂರೈಸಿದ ಒಂಬತ್ತು ಜನರ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ಜೊತೆಗೆ ಆಹಾರದಲ್ಲಿ ಪ್ರೋಟೀನು ಸಾಕಷ್ಟಿರಬೇಕು. ಇಳಿವಯಸ್ಸಿನ ಸ್ನಾಯು ಅದನ್ನು ಮೊದಲಿನಷ್ಟು ಚೆನ್ನಾಗಿ ಬಳಸಿಕೊಳ್ಳದು. ಗಂಜಿ, ಅನ್ನ-ತಿಳಿಸಾರಿನಲ್ಲೇ ದಿನ ಕಳೆಯುವವರಿಗೆ ಬೇಳೆ, ಹುರುಳಿ, ಮೊಟ್ಟೆ, ಮೊಸರು ಸೇರಿಸಬೇಕು.

"ವಯಸ್ಸಾಯ್ತು, ಸುಮ್ಮನೆ ಕೂತಿರಿ" ಎಂಬ ಮನೆಯವರ ಅಕ್ಕರೆಯೇ ಇಲ್ಲಿ ಅಪಾಯಕಾರಿ. ಆರೋಗ್ಯವಂತ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲಿರಿಸಿದ 2007ರ ಪ್ರಯೋಗದಲ್ಲಿ ಅವರ ಕಾಲುಗಳಿಂದ ಹೆಚ್ಚುಕಡಿಮೆ ಒಂದು ಕಿಲೋ ಕೊಬ್ಬೇತರ ಅಂಗಾಂಶ ಕರಗಿತ್ತು. ಆದ್ದರಿಂದ ಆಸ್ಪತ್ರೆ ಸೇರಿದ ಹಿರಿಯರನ್ನು, ವೈದ್ಯರು ಬೇಡವೆನ್ನದ ಹೊರತು, ಆದಷ್ಟು ಬೇಗ ಎಬ್ಬಿಸಿ ನಡೆಸಬೇಕು.